ದಿಬ್ಬದ ಮೇಲೆ ನಿಲ್ಲಿಸದ ಮೋಟಾರು

ಮಗಳ ಊರಿಗೆ ಹೊರಟ ನಾನು ಕುಷ್ಟಗಿಯಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಮಾಗಿಯ ಬೆಳಗು, ಇನ್ನೂ ಬಿಸಿಲು ಬಿದ್ದಿರಲಿಲ್ಲ. ನಿಲ್ದಾಣದ ಹೊರಗೆ ಒಬ್ಬ ಡ್ರೈವರ್ ಹಳೆಯ ಲಾರಿಯೊಂದನ್ನು ಚಾಲೂ ಮಾಡಲು ಒದ್ದಾಡುತ್ತಿದ್ದ. ಎಂಜಿನ್ನು ನಾಲ್ಕು ಸಲ ಕೆಮ್ಮಿ ಸುಮ್ಮನಾಯಿತು. ಐದನೆಯ ಸಲಕ್ಕೆ ಹಿಂದಿನಿಂದ ಬಿಳಿ ಹೊಗೆ ಮುದ್ದೆಯಾಗಿ ಹೊರಬಿದ್ದು, ಮೇಲೇಳಲಾರದೆ ನೆಲದ ಮೇಲೆಯೇ ಹರಡುತ್ತಾ ನನ್ನ ಕಾಲಿನ ತನಕ ಬಂತು. ಅರ್ಧ ಸುಟ್ಟ ಡೀಸೆಲ್ಲಿನ ವಾಸನೆ. ಕಣ್ಣು ಉರಿದು ನೀರು ಬಂತು. ಪಕ್ಕದಲ್ಲಿದ್ದವರು, "ಯಾಕ್ರಿ ಯಜಮಾನ್ರ, ಹೊಗಿ ಹತ್ತಿತೇನು?" ಎಂದರು. ಹೌದೆಂದೆ. ಬಸ್ಸು ಬಂದು ಹೋಯಿತು, ನಾನು ಕೂತೇ ಇದ್ದೆ.

ನೆನಪಾದದ್ದು ದೊಡ್ಡ ಯುದ್ಧ ಮುಗಿದ ಮರುವರ್ಷದ ಚಳಿಗಾಲ. ನಮ್ಮ ಸೀಮೆಯೆಲ್ಲ ಆಗ ನಿಜಾಮರ ಆಳಿಕೆಯಲ್ಲಿತ್ತು. ನಾನು ಕೊಪ್ಪಳದ ಒಂದು ಹತ್ತಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸಕ್ಕಿದ್ದೆ. ಗಿರಣಿಯ ಸಾಹುಕಾರರು ಯುದ್ಧಕ್ಕೆ ಮೊದಲೇ ಮುಂಬೈಯಿಂದ ಒಂದು ಡೀಸೆಲ್ ಮೋಟಾರು ತರಿಸಿದ್ದರು. ಮುಂದೆ ಕಾರಿನ ಮೂತಿ, ಹಿಂದೆ ಎರಡು ಬೆಂಚು ಹಾಕಿದ ಮರದ ಪೆಟ್ಟಿಗೆ. ಊರವರು ಅದಕ್ಕೆ ಎಣ್ಣಿ ಗಾಡಿ ಎನ್ನುತ್ತಿದ್ದರು. ಪೆಟ್ರೋಲು ಸಿಗದ ಕಾಲದಲ್ಲಿಯೂ ಅದು ಓಡಿತ್ತು. ಗಿರಣಿಯ ಎಂಜಿನ್ನೂ ಅದೇ ಜಾತಿಯದಾದ್ದರಿಂದ ಅದನ್ನು ಓಡಿಸುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು. ನನಗಾಗ ಇಪ್ಪತ್ತೇಳು.

ಬೇಸಿಗೆಯಲ್ಲಿ ಆ ಗಾಡಿಯಷ್ಟು ಸಾಧು ಗಾಡಿ ಬೇರೆ ಇರಲಿಲ್ಲ. ಮಾಗಿ ಬಂತೆಂದರೆ ಅದರ ಗುಣವೇ ಬೇರೆ. ಪೆಟ್ರೋಲ್ ಗಾಡಿಯಲ್ಲಿ ಕಿಡಿ ಹಾರಿ ಬೆಂಕಿ ಹತ್ತುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿಯಿಲ್ಲ. ಒಳಗಿನ ಗಾಳಿಯನ್ನು ಹಿಂಡಿ ಹಿಂಡಿ ಬಿಸಿ ಮಾಡಿ, ಆ ಬಿಸಿಗೇ ಎಣ್ಣೆ ಹೊತ್ತಿಕೊಳ್ಳಬೇಕು. ರಾತ್ರಿಯೆಲ್ಲ ಚಳಿಯಲ್ಲಿ ನಿಂತ ಕಬ್ಬಿಣ ಆ ಬಿಸಿಯನ್ನು ಹುಟ್ಟುತ್ತಲೇ ನುಂಗಿಬಿಡುತ್ತಿತ್ತು. ಕೆಳಗಿನ ತೊಟ್ಟಿಯ ಎಣ್ಣೆ ಜೋನಿಬೆಲ್ಲದಂತೆ ಮಂದವಾಗಿ, ಹ್ಯಾಂಡಲ್ ಹಾಕಿ ತಿರುವಿದರೆ ಬೀಸುಕಲ್ಲು ತಿರುವಿದಂತಾಗುತ್ತಿತ್ತು. ಬ್ಯಾಟರಿ ಸತ್ತು ವರ್ಷವಾಗಿತ್ತು, ಹೊಸದು ಸಿಗುತ್ತಿರಲಿಲ್ಲ. ಹಾಗಾಗಿ ದೀಪವೂ ಇಲ್ಲ.

ನಸುಕಿನಲ್ಲೆದ್ದು ಮೊದಲು ನೀರು ಕಾಯಿಸಿ ರೇಡಿಯೇಟರಿಗೆ ಹೊಯ್ಯುತ್ತಿದ್ದೆ. ತಗಡಿನ ತಟ್ಟೆಯಲ್ಲಿ ಕೆಂಡ ತುಂಬಿ ಎಂಜಿನ್ನಿನ ಹೊಟ್ಟೆಯ ಕೆಳಗೆ ಸರಿಸುತ್ತಿದ್ದೆ. ಆಮೇಲೆ ಒಬ್ಬರು ಗಾಳಿ ಎಳೆಯುವ ಬಾಯಿಗೆ ಉರಿಯುವ ಚಿಂದಿ ಹಿಡಿಯಬೇಕು, ಇನ್ನೊಬ್ಬರು ಹ್ಯಾಂಡಲ್ ತಿರುವಬೇಕು. ಇಷ್ಟೆಲ್ಲ ಮಾಡಿದರೂ ಅದು ಒಪ್ಪಿದರೆ ಒಪ್ಪಿತು. ಆದ್ದರಿಂದ ನಾನು ಒಂದು ನೇಮ ಮಾಡಿಕೊಂಡಿದ್ದೆ. ಎಲ್ಲಿ ವಸ್ತಿ ಮಾಡಿದರೂ ಗಾಡಿಯನ್ನು ಇಳಿಜಾರು ನೋಡಿ ನಿಲ್ಲಿಸುವುದು. ಬೆಳಿಗ್ಗೆ ಗಾಲಿಯ ಕಲ್ಲು ತೆಗೆದು ಇಳುಕಲಿಗೆ ಬಿಟ್ಟರೆ ಗಾಡಿಯ ಭಾರವೇ ಎಂಜಿನ್ನನ್ನು ತಿರುವುತ್ತಿತ್ತು.

ಆ ವರ್ಷ ಸುಗ್ಗಿಗೆ ಮೊದಲೇ ಇಲಿ ಬೀಳತೊಡಗಿದವು. ಯಲಬುರ್ಗಿ, ಕುಷ್ಟಗಿಯ ಕಡೆಯ ಹಳ್ಳಿಗಳಲ್ಲಿ ಪ್ಲೇಗು. ಜನ ಮನೆಗಳಿಗೆ ಕೀಲಿ ಜಡಿದು ಹೊಲಗಳಲ್ಲಿ ಜೋಳದ ದಂಟಿನ ಗುಡಿಸಲು ಹಾಕಿಕೊಂಡರು. ತಾಲೂಕಿನ ಕಚೇರಿಯಿಂದ ಹುಕುಂ ಬಂದು ಎಣ್ಣಿ ಗಾಡಿ ಸೂಜಿ ಹಾಕುವ ಡಾಕ್ಟರರ ಕೆಲಸಕ್ಕೆ ಹೋಯಿತು. ಗಾಡಿಯ ಜೊತೆ ನಾನು.

ಡಾಕ್ಟರ್ ಸಾಹೇಬರು ಹೈದರಾಬಾದಿನವರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಉದ್ದ ಕೋಟಿನೊಳಗೆ ಮೈ ಮುದುಡಿಕೊಂಡು ಮುಂದೆ ಕೂರುತ್ತಿದ್ದರು. ನಮ್ಮ ಭಾಷೆಯನ್ನು ಉರ್ದುವಿನ ಜೊತೆ ಬೆರೆಸಿ ಆಡುತ್ತಿದ್ದರು. ಅವರ ಕಂಪೌಂಡರ್ ಬಸಲಿಂಗಪ್ಪ. ಯಲಬುರ್ಗಿ ಕಡೆಯ ಮಂಗಳೂರೆಂಬ ಹಳ್ಳಿಯವನು, ನನಗಿಂತ ಏಳೆಂಟು ವರ್ಷ ದೊಡ್ಡವನು. ನಾನು ಅಣ್ಣ ಎನ್ನುತ್ತಿದ್ದೆ. ನಸುಕಿನಲ್ಲಿ ನನ್ನ ಜೊತೆ ಹ್ಯಾಂಡಲ್ಲಿಗೆ ಕೈ ಹಚ್ಚುತ್ತಿದ್ದವನು ಅವನೇ. ಅದು ಅವನ ಕೆಲಸವಲ್ಲ. "ನೀ ಒಬ್ಬನ ಬೆನ್ನು ಮುರಕೊಂಡ್ರ ಗಾಡಿ ಯಾರು ಹೊಡಿಬೇಕೋ ಹಣಮಂತ, ಸರಿ ಅತ್ತಾಗ," ಎನ್ನುತ್ತಿದ್ದ.

ಹ್ಯಾಂಡಲ್ ಹಿಡಿಯುವುದನ್ನು ಅವನಿಗೆ ನಾನೇ ಕಲಿಸಿದೆ. ಹೆಬ್ಬೆರಳನ್ನು ಹಿಡಿಯ ಸುತ್ತ ಮಡಚಬಾರದು, ಉಳಿದ ಬೆರಳುಗಳ ಪಕ್ಕಕ್ಕೇ ಇಡಬೇಕು. ಎಂಜಿನ್ನು ಹಿಂದಕ್ಕೆ ಒದ್ದರೆ ಕೈ ತಾನಾಗಿ ಜಾರಿ ಬಿಡುತ್ತದೆ. ಮಡಚಿದರೆ ಎಲುಬು ಉಳಿಯುವುದಿಲ್ಲ.

ಹುಲಿಹೈದರದಲ್ಲಿ ನಮ್ಮ ಗಾಡಿಯ ಸಪ್ಪಳ ಕೇಳಿದ್ದೇ ಗುಡಿಸಲುಗಳು ಖಾಲಿಯಾದವು. ಹೆಂಗಸರು ಮಕ್ಕಳನ್ನೆತ್ತಿಕೊಂಡು ಕಡಲೆ ಹೊಲ ಹಾಯ್ದು ಓಡಿದರು. ಸೂಜಿಯಿಂದಲೇ ಜನ ಸಾಯುತ್ತಾರೆಂಬ ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಓಡಲಾಗದ ಒಬ್ಬ ಮುದುಕಿ ಮಾತ್ರ ಬಾಗಿಲಲ್ಲಿ ಕೂತಿದ್ದಳು. ಬಸಲಿಂಗಪ್ಪ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಅಂಗಿಯ ತೋಳು ಮೇಲೇರಿಸಿದ.

"ನೋಡಬೇ ಅಮ್ಮಾ, ಮೊದಲು ನನಗ ಚುಚ್ಚತಾರ ಸಾಹೇಬ್ರು. ನಾನೂ ಹೆಂಡ್ತಿ ಮಗಳು ಇರಾಂವ. ಸಾಯಾಕ ನನಗೇನ ಹುಚ್ಚು ಹಿಡದೈತೇನು?"

ಮುದುಕಿ ಅವನ ತೋಳನ್ನೇ ನೋಡಿದಳು. ಅಲ್ಲಿ ಆಗಲೇ ಏಳೆಂಟು ಚುಕ್ಕೆಗಳಿದ್ದವು. ಪ್ರತಿ ಊರಲ್ಲೂ ಅವನು ಹೀಗೇ ಮಾಡುತ್ತಿದ್ದ, ಡಾಕ್ಟರರು ಕುದಿಸಿ ಆರಿಸಿದ ನೀರನ್ನು ಅವನಿಗೆ ಚುಚ್ಚುತ್ತಿದ್ದರು. ಮುದುಕಿ, "ಭಾಳ ನೋಯ್ತೈತೇನಪಾ?" ಎಂದಳು. "ಹೂನಬೇ, ನೋಯ್ತೈತಿ," ಎಂದ. ಸುಳ್ಳು ಹೇಳಲಿಲ್ಲವೆಂದೋ ಏನೋ, ಅವಳು ಕೈ ಚಾಚಿದಳು. ಮಧ್ಯಾಹ್ನದ ಹೊತ್ತಿಗೆ ಹೊಲದಿಂದ ಒಬ್ಬೊಬ್ಬರೇ ಬಂದರು.

ಎಣ್ಣೆ ಅಳತೆಯ ಮೇಲೆ ಸಿಗುತ್ತಿದ್ದುದರಿಂದ ಗಾಡಿ ನಿಂತ ಕೂಡಲೇ ಎಂಜಿನ್ ಆರಿಸಬೇಕೆಂದು ಡಾಕ್ಟರರ ತಾಕೀತು. ಬೆಳಗಿನ ಚಳಿಯಲ್ಲಿ ಒಂದೂರಿಂದ ಇನ್ನೊಂದೂರಿಗೆ ಹೋಗುವಾಗ ನಾನು ರೇಡಿಯೇಟರಿನ ಮುಂದೆ ಗೋಣಿತಟ್ಟು ಕಟ್ಟಿ, ಎಂಜಿನ್ನಿನ ಮೇಲೆ ನನ್ನ ಕಂಬಳಿಯನ್ನೇ ಹೊದಿಸುತ್ತಿದ್ದೆ. ಬಾಗಿಲಿಗೆ ಗಾಜಿಲ್ಲ. ಗಾಳಿ ಕಿವಿಯನ್ನು ಕೊಯ್ಯುತ್ತಿತ್ತು. ದಾರಿಯ ಎರಡೂ ಕಡೆ ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು. ಕಾಯುವವರಿಲ್ಲದೆ ಹಕ್ಕಿಗಳು ತೆನೆಗಳ ಮೇಲೆ ಜೋತುಬಿದ್ದಿರುತ್ತಿದ್ದವು.

ಊರುಗಳ ಪಟ್ಟಿ ಕಚೇರಿಯಲ್ಲಿ ಮಾಡಿದ್ದು. ಮಂಗಳೂರು ಅದರಲ್ಲಿ ಕೊನೆಯ ಕಡೆಗಿತ್ತು, ಅಲ್ಲಿ ಇಲಿ ಬಿದ್ದ ಸುದ್ದಿ ತಡವಾಗಿ ಬಂದದ್ದರಿಂದ. ಒಂದು ದಿನ ಊಟದ ಹೊತ್ತಿನಲ್ಲಿ ಡಾಕ್ಟರರು, "ಬಸಲಿಂಗಪ್ಪ, ಒಂದ್ ದಿನ ರಜಾ ತಗೊಂಡ್ ಊರಿಗೆ ಹೋಗಿ ಬರ್ರಿ. ದವಾ ಕೊಡ್ತೀನಿ, ಬೀವಿ ಬಚ್ಚೀಗೆ ನೀವೇ ಸೂಜಿ ಹಾಕ್ರಿ," ಎಂದರು.

ಬಸಲಿಂಗಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಬ್ಯಾಡ್ರಿ ಸಾಹೇಬ್ರ. ಉಳಿದ ಮಂದಿ ಬಿಟ್ಟು ನನ್ನ ಮನ್ಯಾಗ ಅಷ್ಟ ಹಾಕಿ ಬಂದ್ರ ಊರಾಗ ಹೆಂಗ ತಲಿ ಎತ್ತಲಿ? ಪಾಳೆ ಬಂದಾಗ ಎಲ್ಲಾರಿಗೂ ಕೂಡೇ ಹಾಕೂಣು."

ಡಾಕ್ಟರರು ಒತ್ತಾಯ ಮಾಡಲಿಲ್ಲ. ಅವನ ಮೇಲೆ ನನಗೆ ಗೌರವ ಹೆಚ್ಚಿತೆಂಬುದು ನಿಜ.

ಅದಾಗಿ ಒಂದು ವಾರಕ್ಕೆ ಕುಷ್ಟಗಿಯಲ್ಲಿ ವಸ್ತಿ ಬಿತ್ತು. ಇಡೀ ದಿನ ತಿರುಗಿ ಸಂಜೆ ಬಂದಾಗ ಮೂವರಿಗೂ ಮೈಯಲ್ಲಿ ಜೀವವಿರಲಿಲ್ಲ. ನಾವು ಇಳಿದುಕೊಂಡ ಮುಸಾಫಿರಖಾನೆಯಿಂದ ಐವತ್ತು ಹೆಜ್ಜೆಯಾಚೆ ಒಂದು ದಿಬ್ಬವಿತ್ತು. ಹಿಂದಿನ ಎರಡು ಸಲವೂ ಗಾಡಿಯನ್ನು ಅಲ್ಲೇ ನಿಲ್ಲಿಸಿದ್ದೆ. ಗಾಡಿಯನ್ನು ಬಿಟ್ಟಿರಲಾಗದೆ ನಾನು ಅದರಲ್ಲೇ ಮಲಗುತ್ತಿದ್ದೆ, ದಿಬ್ಬದ ಮೇಲೆ ಗಾಳಿ ತಡೆಯಲಾಗುತ್ತಿರಲಿಲ್ಲ. ಅವತ್ತು ಮೂಡಲ ಗಾಳಿ ಬೇರೆ ಎದ್ದಿತ್ತು. ಮುಸಾಫಿರಖಾನೆಯ ಹಿಂದಿನ ಎತ್ತರದ ಗೋಡೆಯ ಮರೆ ಬೆಚ್ಚಗೆ ಕಂಡಿತು. ಅಲ್ಲಿ ನೆಲ ಅಂಗೈಯಂತೆ ಸಮ. ಒಂದು ರಾತ್ರಿ ತಾನೆ ಎಂದುಕೊಂಡು ಗಾಡಿಯನ್ನು ಗೋಡೆಯ ಮರೆಗೆ ನಿಲ್ಲಿಸಿ ಎಂಜಿನ್ ಆರಿಸಿದೆ.

ಕೈಕಾಲು ತೊಳೆದು ಬರುವಷ್ಟರಲ್ಲಿ ಸೈಕಲ್ಲಿನ ಮೇಲೆ ಒಬ್ಬಾತ ಬಂದ. ಬಸಲಿಂಗಪ್ಪನ ಹೆಂಡತಿ ಶಿವವ್ವನ ಅಣ್ಣ. ಮಂಗಳೂರಿನಿಂದ ಹೊರಟು ನಮ್ಮನ್ನು ಹುಡುಕುತ್ತ ಎರಡು ಊರು ಸುತ್ತಿ ಬಂದಿದ್ದ. ಸೈಕಲ್ಲನ್ನು ಕೆಳಕ್ಕೇ ಬಿಟ್ಟು, "ಬಸಲಿಂಗಪ್ಪಾ, ಶಿವವ್ವಗ ನಿನ್ನೆ ಹಿಡದು ಜ್ವರ. ಇವತ್ತು ಕಂಕಳಾಗ ಗಂಟು ಎದ್ದೈತಿ," ಎಂದ.

ಬಸಲಿಂಗಪ್ಪ ಕೇಳಿದ ಮೊದಲ ಮಾತು, "ನೀಲಾ?" ಅದು ಅವನ ಮಗಳು, ಐದು ವರ್ಷದವಳು.

"ಆಕಿ ಆರಾಮ ಅದಾಳ. ತಾಯಿ ಹತ್ತರ ಬಿಟ್ಟಿಲ್ಲ, ಆದ್ರ ಆಕಿ ಕೇಳವಲ್ಲಳು."

ಹೈದರಾಬಾದಿನಿಂದ ಆ ತಿಂಗಳಷ್ಟೇ ಹೊಸ ಮಾತ್ರೆಗಳು ಬಂದಿದ್ದವು. ಜ್ವರ ಬಂದವರಿಗೂ ಬೇಗ ಕೊಟ್ಟರೆ ಕೆಲವರು ಬದುಕುತ್ತಿದ್ದರು. ಸೀಸೆ ಡಾಕ್ಟರರ ಪೆಟ್ಟಿಗೆಯಲ್ಲಿತ್ತು. ಆದರೆ ಗಾಡಿಗೆ ದೀಪವಿಲ್ಲ. ದಾರಿಯಲ್ಲಿ ಮರಳಿನ ಹಳ್ಳ ದಾಟಬೇಕು, ಕತ್ತಲೆಯಲ್ಲಿ ಇಳಿದರೆ ಅಲ್ಲೇ ಹೂತುಹೋಗುವುದು ಖಂಡಿತ. ಸೈಕಲ್ಲಿನವನ ಕೈಗೆ ಮಾತ್ರೆ ಕೊಟ್ಟು ಕಳಿಸೋಣವೆಂದರೆ ಅವನು ನಿಂತಲ್ಲೇ ತೂಗಾಡುತ್ತಿದ್ದ, ಸೈಕಲ್ಲಿನ ಹಿಂದಿನ ಗಾಲಿ ಬಾಗಿತ್ತು. ಪ್ಲೇಗಿನ ಊರಿಗೆ ಚಕ್ಕಡಿ ಕಟ್ಟುವವರಿಲ್ಲ, ದಣಿದ ಬಸಲಿಂಗಪ್ಪ ನಡೆದು ಹೊರಟರೂ ಬೆಳಗಿನ ಗಾಡಿಗಿಂತ ಮೊದಲು ಮುಟ್ಟುವಂತಿರಲಿಲ್ಲ. ಡಾಕ್ಟರರು, "ಫಜರ್‌ಗೇ ಹೊರಡೋಣ. ಬೆಳಕು ಹರಿಯೋ ಮುಂಚೆ ಗಾಡಿ ತಯಾರ್ ಇರ್ಬೇಕು ಡ್ರೈವರ್," ಎಂದರು.

ಇಲ್ಲಿ ನಾನು ಮಾಡಿದ್ದನ್ನು ಸರಿಯಾಗಿ ಹೇಳಬೇಕು. ಆಗ ಎಂಜಿನ್ ಇನ್ನೂ ಬಿಸಿಯಿತ್ತು. ಮೂತಿಯ ಮೇಲೆ ಕೈಯಿಟ್ಟರೆ ಚುರುಕೆನ್ನುವಷ್ಟು. ಎರಡು ಸುತ್ತು ಹ್ಯಾಂಡಲ್ ತಿರುವಿದ್ದರೆ ಚಾಲೂ ಆಗುತ್ತಿತ್ತು, ದಿಬ್ಬದ ಮೇಲೆ ಒಯ್ದು ನಿಲ್ಲಿಸಬಹುದಿತ್ತು. ಅದು ನನಗೆ ಹೊಳೆಯಲಿಲ್ಲವೆಂದಲ್ಲ. ಹೊಳೆಯಿತು. ಮೂತಿಯ ಮೇಲೆ ಕೈಯಿಟ್ಟುಕೊಂಡೇ ಯೋಚನೆ ಮಾಡಿದೆ. ಗಾಳಿ ಗೋಡೆಯಾಚೆ ಸುಂಯ್‌ಗುಡುತ್ತಿತ್ತು, ನನ್ನ ಬೆರಳುಗಳು ಮರಗಟ್ಟಿದ್ದವು. ಬೆಳಿಗ್ಗೆ ಕೆಂಡ ಒಂದಿಷ್ಟು ಹೆಚ್ಚು ಹಾಕಿದರಾಯಿತು ಎಂದುಕೊಂಡು ಒಳಗೆ ಹತ್ತಿ ಕಂಬಳಿ ಹೊದ್ದುಕೊಂಡೆ.

ಬೆಳಿಗ್ಗೆ ಎದ್ದಾಗ ಬಕೀಟಿನ ನೀರಿಗೆ ಕೈಹಾಕಲಾಗಲಿಲ್ಲ. ಆ ವರ್ಷದಲ್ಲೇ ಅಂಥ ಚಳಿ ಬಿದ್ದಿರಲಿಲ್ಲ. ಮೂರು ಕೊಡ ನೀರು ಕಾಯಿಸಿ ಹೊಯ್ದೆವು, ಹೊಯ್ದ ನೀರು ನೋಡುತ್ತಿದ್ದಂತೆ ಆರಿತು. ಎರಡು ತಟ್ಟೆ ಕೆಂಡ ಸರಿಸಿದೆ. ಚಿಂದಿ ಹೊತ್ತಿಸಿ ಬಾಯಿಗೆ ಹಿಡಿದು, "ಹೊಡಿ ಅಣ್ಣಾ," ಎಂದೆ. ಬಸಲಿಂಗಪ್ಪ ತಿರುವಿದ. ಎಂಜಿನ್ ಒಂದು ಸಲ ಉಸಿರು ಬಿಟ್ಟಂತೆ ಮಾಡಿ ಬಿಳಿ ಹೊಗೆ ಕಾರಿತು. ಮತ್ತೆ ತಿರುವಿದ. ಮತ್ತೆ ಹೊಗೆ. ನಾನು ತಿರುವಿದೆ. ಸೈಕಲ್ಲಿನಲ್ಲಿ ಬಂದವನು ತಿರುವಿದ. ಎಣ್ಣೆಯ ನಳಿಕೆ ಬಿಚ್ಚಿ ಬಾಯಿಂದ ಊದಿ ಮತ್ತೆ ಕೂಡಿಸಿದೆ. ಬೆಳಕು ಹರಿಯಿತು. ಡಾಕ್ಟರರು ಕೋಟು ಬಿಚ್ಚಿ ಎಂಜಿನ್ನಿಗೆ ಹೊದಿಸಿ, ಬರಿಯ ಅಂಗಿಯಲ್ಲಿ ನಡುಗುತ್ತ ನಿಂತರು. ಗೋಡೆಯ ಮರೆಯಿಡೀ ಹೊಗೆ ತುಂಬಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

"ಆಗ್ತೈತೋ ಇಲ್ಲೋ, ಖರೇ ಹೇಳೋ ಹಣಮಂತ. ಇಲ್ಲಾಂದ್ರ ನಾ ನಡಕೋಂತ ಹೋಗ್ತೀನಿ," ಎಂದ ಬಸಲಿಂಗಪ್ಪ.

"ಆಗ್ತೈತಿ ಅಣ್ಣಾ. ಇನ್ನ ನಾಕ ಸುತ್ತು."

ಅವನು ನನ್ನ ಕೈಯಿಂದ ಹ್ಯಾಂಡಲ್ ಕಿತ್ತುಕೊಂಡ. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ಅವನ ಹೆಬ್ಬೆರಳು ಮಡಚಿದ್ದು ನನಗೆ ಕಂಡಿತು, ಬಾಯಿ ತೆರೆಯುವಷ್ಟರಲ್ಲಿ ಎಂಜಿನ್ ಹಿಂದಕ್ಕೆ ಒದೆಯಿತು. ಒಣಗಿದ ದಂಟು ಮುರಿದಂಥ ಸಪ್ಪಳ. ಬಸಲಿಂಗಪ್ಪ ಕೂಗಲಿಲ್ಲ. ನೆಲದ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಅದು ಯಾರದೋ ಕೈ ಎಂಬಂತೆ ನೋಡಿದ. ಮಣಿಕಟ್ಟಿನ ಮೇಲೆ ಕೈ ಸೊಟ್ಟಗಾಗಿತ್ತು.

ಡಾಕ್ಟರರು ಎರಡು ಮರದ ಪಟ್ಟಿಯಿಟ್ಟು ಬಟ್ಟೆ ಸುತ್ತುವಾಗಲೂ ಅವನ ಕಣ್ಣು ಗಾಡಿಯ ಮೇಲೇ ಇತ್ತು. "ದಬ್ಬಿಸು, ಮಂದೀನ ಕರದು ದಬ್ಬಿಸು," ಎಂದ.

ಅದನ್ನು ಮೊದಲೇ ಮಾಡಬಹುದಿತ್ತು. ಆದರೆ ಪ್ಲೇಗಿನ ಗಾಡಿಯೆಂದು ಊರವರು ಯಾರೂ ಹತ್ತಿರ ಬರುತ್ತಿರಲಿಲ್ಲ. ನಾನು ರಸ್ತೆಗೆ ಓಡಿದೆ. ಹತ್ತಿ ಬಿಡಿಸಲು ಹೊರಟಿದ್ದ ಕೂಲಿ ಹೆಂಗಸರು ಎಂಟು ಹತ್ತು ಮಂದಿ ಸಿಕ್ಕರು. ಕೈಮುಗಿದು ಇದ್ದದ್ದನ್ನು ಹೇಳಿದೆ. ಅವರೊಳಗೆ ಒಬ್ಬಳು ಸೆರಗು ಸಿಕ್ಕಿಸಿ, "ಅವನ ಹೆಂಡ್ತಿ ಅಲ್ಲಿ ಸಾಯಾಕ ಹತ್ಯಾಳಂತ, ಇನ್ನೇನ ನೋಡ್ತೀರಿ, ಬರ್ರೆವಾ," ಎಂದಳು. ಅವರು ದಬ್ಬಿದರು. ಸೈಕಲ್ಲಿನವನು, ಡಾಕ್ಟರರು, ಎಡಗೈಯಿಂದ ಬಸಲಿಂಗಪ್ಪ, ಎಲ್ಲರೂ ಸೇರಿ ಸಮ ನೆಲದಲ್ಲಿ ಐವತ್ತು ಹೆಜ್ಜೆ ದಬ್ಬಿ ದಿಬ್ಬದ ತನಕ ತಂದು, ಏರಿಸಿ, ಇಳಿಬಿಟ್ಟರು. ಅರ್ಧ ಇಳಿಜಾರಿಗೇ ಎಂಜಿನ್ ಗುಡುಗಿತು.

ಹೊತ್ತು ಆಗಲೇ ಎರಡಾಳೆತ್ತರ ಏರಿತ್ತು. ಹೊರಡಬೇಕಾದ ವೇಳೆ ಕಳೆದು ಎರಡು ತಾಸು ಮೇಲಾಗಿತ್ತು.

ದಾರಿಯಲ್ಲಿ ನಾನು ಎಲ್ಲಿಯೂ ಕಾಲು ಸಡಿಲ ಬಿಡಲಿಲ್ಲ, ಹಳ್ಳದ ಮರಳಲ್ಲಿ ಗಾಲಿ ತಿರುಗಿದಾಗಲೂ ಎಂಜಿನ್ ಆರದಂತೆ ಹಿಡಿದೆ. ಗುಂಡಿಗೊಮ್ಮೆ ಬಸಲಿಂಗಪ್ಪನ ಹಲ್ಲು ಕಡಿಯುವ ಸಪ್ಪಳ ಕೇಳುತ್ತಿತ್ತು.

ಮಂಗಳೂರಿನ ಹೊಲದಲ್ಲಿ ಗುಡಿಸಲುಗಳ ಮುಂದೆ ಜನ ನಿಂತಿದ್ದರು. ಗಾಡಿ ಕಂಡರೂ ಯಾರೂ ಎದುರು ಬರಲಿಲ್ಲ. ಅದರಿಂದಲೇ ತಿಳಿಯಿತು. ಬಸಲಿಂಗಪ್ಪನ ತಾಯಿ ಮಾತ್ರ ಬಂದು ಮಗನ ಕಟ್ಟಿದ ಕೈ ನೋಡಿ ಹೌಹಾರಿ, "ನಿನಗೇನಾತೋ ನನ್ನಪ್ಪಾ?" ಎಂದಳು. ಆಮೇಲೆ, "ಹೋದ್ಲೋ. ಈಗ ತಾಸಿನ ಮ್ಯಾಲಾತು. ಬೆಳಗಾದಾಗಿಂದ ಗಾಡಿ ಸಪ್ಪಳ ಕೇಳ್ತೈತೇನು ನೋಡ್ರಿ ಅನ್ನಾಕ್ಹತ್ತಿದ್ಲು," ಎಂದಳು.

ಅವನು ಒಳಗೆ ಹೋದ. ನಾನು ಗಾಡಿಯಿಂದ ಇಳಿಯಲಿಲ್ಲ. ಎಂಜಿನ್ ಆರಿಸಲೂ ಇಲ್ಲ. ಡಾಕ್ಟರರು ಒಮ್ಮೆ ನನ್ನ ಕಡೆ ನೋಡಿ ಗುಡಿಸಲಿನೊಳಗೆ ಹೋದರು. ನೀಲಾಳ ಮೈ ಮುಟ್ಟಿ ನೋಡಿದರೆ ಅವಳಿಗೂ ಜ್ವರ ಶುರುವಾಗಿತ್ತು. ಡಾಕ್ಟರರು ಮಾತ್ರೆ ಅರೆದು ಜೇನಿನಲ್ಲಿ ಕಲಸಿ ಕುಡಿಸಿ, ಕೊಪ್ಪಳದ ದವಾಖಾನೆಗೆ ಈಗಲೇ ಒಯ್ಯಬೇಕೆಂದರು. ಉಳಿದವರಿಗೆ ಸೂಜಿ ಹಾಕಲು ತಾವು ಅಲ್ಲೇ ಉಳಿದರು. ಹೆಂಡತಿಯನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡುವ ತನಕವೂ ನಿಲ್ಲದೆ ಬಸಲಿಂಗಪ್ಪ ಮಗಳನ್ನು ಎಡತೋಳಿನಲ್ಲಿ ಅವಚಿಕೊಂಡು ಗಾಡಿ ಹತ್ತಿದ.

ಹುಡುಗಿ ಬದುಕಿದಳು. ಹದಿನೆಂಟು ದಿನ ದವಾಖಾನೆಯಲ್ಲಿದ್ದಳು.

ಡಾಕ್ಟರರನ್ನು ನಾನು ಒಂದು ದಿನ ಕೇಳಿದೆ, "ಸಾಹೇಬ್ರ, ನಾವು ವ್ಯಾಳ್ಯಾಕ್ಕ ಮುಟ್ಟಿದ್ರ ಆಕಿ ಉಳೀತಿದ್ಲೇನ್ರಿ?" ಅವರು, "ಮಾಲೂಮ್ ನಹೀ, ಹಣಮಂತ. ಉಳಿಯಾಕಿ ಅಲ್ಲ ಅಂತ ಅನಿಸ್ತದ. ಲೇಕಿನ್ ಹೇಳಾಕ ಆಗಲ್ಲ," ಎಂದರು. ಸಮಾಧಾನಕ್ಕೆ ಸುಳ್ಳು ಹೇಳುವವರಾಗಿದ್ದರೆ ನನಗೆ ನಿದ್ದೆ ಬರುತ್ತಿತ್ತೇನೋ. ಮಾತ್ರೆ ಕೆಲಸ ಮಾಡುತ್ತಿತ್ತೋ ಇಲ್ಲವೋ, ಗಾಡಿ ದಿಬ್ಬದ ಮೇಲಿದ್ದಿದ್ದರೆ ಅವಳು ಗಾಡಿಯ ಸಪ್ಪಳ ಕೇಳುತ್ತಿದ್ದಳು, ಗಂಡನ ಮುಖ ನೋಡುತ್ತಿದ್ದಳು.

ನಾಲ್ಕನೆಯ ದಿನವೋ ಐದನೆಯ ದಿನವೋ ದವಾಖಾನೆಯ ಬೇವಿನ ಮರದ ಕೆಳಗೆ ಬಸಲಿಂಗಪ್ಪ ಒಬ್ಬನೇ ಕೂತಿದ್ದಾಗ ಹೋಗಿ ಎಲ್ಲ ಹೇಳಿಬಿಟ್ಟೆ. ದಿಬ್ಬ, ಗೋಡೆಯ ಮರೆ, ಬಿಸಿಯಿದ್ದ ಎಂಜಿನ್ ಮೇಲೆ ಕೈಯಿಟ್ಟುಕೊಂಡು ನಿಂತಿದ್ದು, ಎಲ್ಲವನ್ನೂ. ಅವನು ಕೊನೆಯ ತನಕ ಕೇಳಿಸಿಕೊಂಡ. ನನ್ನನ್ನು ಬಯ್ಯಲಿಲ್ಲ. ಎದ್ದು ಒಳಗೆ ಮಗಳ ಹತ್ತಿರ ಹೋದ. ಅವತ್ತಿನಿಂದ ನನ್ನೊಡನೆ ಮಾತಾಡಲಿಲ್ಲ.

ಬಿಸಿಲು ಬಲಿತು ಪ್ಲೇಗು ಇಳಿಯಿತು. ಜನ ಗುಡಿಸಲು ಕಿತ್ತು ಮನೆಗಳಿಗೆ ಸುಣ್ಣ ಹಚ್ಚಿಕೊಂಡರು. ಬಸಲಿಂಗಪ್ಪನ ಎಲುಬು ಕೂಡಿತಾದರೂ ಹೆಬ್ಬೆರಳು ಮಡಚುತ್ತಿರಲಿಲ್ಲ. ಸಿರಿಂಜು ಹಿಡಿಯಲಾಗದೆ ಕೆಲಸ ಬಿಟ್ಟ. ಕೈ ನೆಟ್ಟಗಾಗುವ ತನಕ ಮಗಳೊಡನೆ ಕೊಪ್ಪಳದಲ್ಲೇ ಇದ್ದವನು ಊರಿಗೆ ಹೊರಟ ದಿನ ದವಾಖಾನೆಯ ಮುಂದೆ ಮಂಗಳೂರಿನ ಚಕ್ಕಡಿ ಬಂದಿತ್ತು. ನಾನು ಗಾಡಿಯಲ್ಲೇ ಬಿಟ್ಟು ಬರುತ್ತೇನೆಂದು ಹೇಳಲು ಹೋಗಿದ್ದೆ. ಚಕ್ಕಡಿ ನೋಡಿ ಹೇಳಲಿಲ್ಲ.

ಅವನೇ ನನ್ನ ಹತ್ತಿರ ಬಂದ.

"ಹಣಮಂತ, ನಾ ನಿನ್ನ ಕೇಳಿದ್ದಿಲ್ಲಲ್ಲ. ಯಾಕ ಹೇಳಿದಿ?"

ಮುಚ್ಚಿಡಬಾರದು ಅನಿಸಿತು ಎಂದೇನೋ ತೊದಲಿದೆ.

"ನೀ ಹೇಳದಿದ್ರ ಎಲ್ಲಾ ಆ ಚಳಿ ಮ್ಯಾಲ ಹಾಕಿ ಸುಮ್ಮನಿರ್ತಿದ್ದೆ. ಚಳಿ ಜೋಡಿ ಯಾರೂ ಜಗಳಾಡಂಗಿಲ್ಲ. ಈಗ ನಿನಗ ಬೈಬೇಕು ಅನಸ್ತೈತಿ. ಬೈಯಾಕ ಹೋದ್ರ, ರಜಾ ಕೊಡ್ತೀನಿ ಅಂದಾಗ ಬ್ಯಾಡಂದಾಂವ ನಾನ ಅಲ್ಲೇನು ಅನಸ್ತೈತಿ." ಚಕ್ಕಡಿಯ ಕಡೆ ತಿರುಗಿ, "ನಿನ್ನ ಭಾರ ಇಳಿಸಿಕೊಂಡಿ. ಆತು ಬಿಡು," ಎಂದ.

ಮಗಳನ್ನು ಎಡಗೈಯಿಂದ ಎತ್ತಿ ಚಕ್ಕಡಿಯಲ್ಲಿ ಕೂರಿಸಿ ತಾನೂ ಹತ್ತಿದ. ಎತ್ತುಗಳು ಹೊರಟವು. ಅವನು ಹಿಂತಿರುಗಿ ನೋಡಲಿಲ್ಲ. ಹುಡುಗಿ ನೋಡುತ್ತಿದ್ದಳು, ಚಕ್ಕಡಿ ಓಣಿ ತಿರುಗುವವರೆಗೂ.